ಪರಿಮಿತ ರಜೆ: ಯಾರಿಗೆ ಪರಿಮಿತ, ಯಾವುದಕ್ಕೆ ರಜೆ?

ರಾಜ್ಯ ಸರ್ಕಾರ ಮುಂದಿನ ವರ್ಷದ ರಜಾಪಟ್ಟಿಯನ್ನು ಹೊರಡಿಸಿದ ದಿನದಿಂದಲೇ ‘ಪರಿಮಿತ ರಜೆ’, ಅಂದರೆ ಕಚೇರಿ ಶಾಲೆಗಳು ತೆರೆದೇ ಇದ್ದು ನೌಕರರು ಪಟ್ಟಿಯಿಂದ ಆರಿಸಿ ಪಡೆಯಬಹುದಾದ ರಜೆ, ಎಂಬ ಪದದ ದುರ್ಬಳಕೆ ಆರಂಭವಾಗುತ್ತದೆ. ಷಬ್-ಎ-ಬರಾತ್‌ಗೆ ಪರಿಮಿತ ರಜೆ ಇರುವುದರಿಂದ ಅಂದು ಶಾಲೆ ನಡೆಯುವುದಿಲ್ಲವೆಂದು ಪೋಷಕರ ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಕೆಲವರು ಬರೆಯುತ್ತಾರೆ. ಗುರುನಾನಕ್ ಜಯಂತಿಯನ್ನು ಪರಿಮಿತ ರಜೆಗಳ ಪಟ್ಟಿಯಲ್ಲಿ ಇರಿಸಿ ಸಿಖ್ಖರ ಹಬ್ಬವನ್ನು ಎರಡನೆಯ ದರ್ಜೆಗೆ ಇಳಿಸಲಾಗಿದೆಯೆಂದು ಇನ್ನು ಕೆಲವರು ವಾದಿಸುತ್ತಾರೆ. ಅಲ್ಪಸಂಖ್ಯಾತರ ಹಬ್ಬಗಳಿಗೆ ಸರ್ಕಾರಿ ಶಾಲೆಗಳನ್ನು ಮುಚ್ಚಬೇಕೇ ಎಂಬ ಗಂಭೀರ ಪ್ರಶ್ನೆ ಪ್ರತಿವರ್ಷವೂ ಈ ಎರಡು ತಪ್ಪುಗಳ ನಡುವೆ ಸಿಕ್ಕಿಕೊಂಡು ಅಲ್ಲಿಯೇ ನಿಂತುಬಿಡುತ್ತದೆ.

ಎರಡೂ ತಪ್ಪುಗಳ ಬೇರು ‘ರಜೆ’ ಎಂಬ ಪದದಲ್ಲಿದೆ. ಅರಬ್ಬಿಯಲ್ಲಿ ಸಮ್ಮತಿ, ಒಪ್ಪಿಗೆ ಎಂಬ ಅರ್ಥವುಳ್ಳ ‘ರಿಝಾ’ ಎಂಬ ಪದ ಫಾರಸಿ, ಹಿಂದೂಸ್ಥಾನಿ ಮತ್ತು ಮರಾಠಿಗಳ ಮೂಲಕ ನಮ್ಮಲ್ಲಿಗೆ ಬಂದು ‘ರಜಾ’ ಆಯಿತು, ‘ರಜೆ’ ಆಯಿತು. ಇಬ್ಬರು ಒಪ್ಪಿಕೊಂಡು ವ್ಯಾಜ್ಯ ಮುಗಿಸುವ ‘ರಾಜಿ’ಯೂ, ಮೊದಲಿಗೆ ಒಪ್ಪಿಗೆಯ ಪತ್ರವೆಂಬ ಅರ್ಥದಲ್ಲಿದ್ದು ಈಗ ಹುದ್ದೆ ಬಿಡುವುದಕ್ಕೆ ಮೀಸಲಾಗಿರುವ ‘ರಾಜೀನಾಮೆ’ಯೂ ಇದೇ ಧಾತುವಿನಿಂದ ಹುಟ್ಟಿದವು. ಹಾಗಾಗಿ ರಜೆ ಎಂದರೆ ಮೂಲತಃ ಬಾಗಿಲು ಮುಚ್ಚುವುದಲ್ಲ. ಒಬ್ಬರು ಕೇಳಿ ಇನ್ನೊಬ್ಬರು ಸಮ್ಮತಿಸುವ ಅನುಮತಿ. ‘ರಜೆ ಕೇಳಿದೆ’, ‘ರಜೆ ಹಾಕಿದೆ’, ‘ರಜೆ ಮಂಜೂರಾಯಿತು’ ಎಂಬ ಮಾತುಗಳಲ್ಲಿ ಆ ಹಳೆಯ ಅರ್ಥ ಇಂದಿಗೂ ಉಳಿದಿದೆ. ಮರಾಠಿಯವರು ನೌಕರ ಕೇಳಿ ಪಡೆಯುವುದನ್ನು ‘ರಜಾ’ ಎಂದೂ, ಎಲ್ಲರಿಗೂ ಬಿಡುವಾಗುವ ದಿನವನ್ನು ‘ಸುಟ್ಟಿ’ ಎಂದೂ ಬೇರೆಬೇರೆಯಾಗಿ ಇಟ್ಟುಕೊಂಡಿದ್ದಾರೆ. ಧಾರವಾಡದ ಕಡೆಯ ಮಕ್ಕಳ ಬಾಯಲ್ಲಿ ಕೇಳಿಬರುವ ‘ಸಾಲಿ ಸೂಟಿ’ಯಲ್ಲಿ ಇರುವುದೂ ಈ ಎರಡನೆಯ ಪದವೇ. ಬರೆಹದ ಕನ್ನಡ ಮಾತ್ರ ಎರಡನ್ನೂ ‘ರಜೆ’ ಎಂಬ ಒಂದೇ ಪದದೊಳಗೆ ತುಂಬಿತು. ‘ಹಬ್ಬಕ್ಕೆ ರಜೆ ಕೊಡಿ’ ಎಂದಾಗ ಶಾಲೆಯನ್ನು ಮುಚ್ಚಿರೆಂದು ಕೇಳುತ್ತಿದ್ದೇವೆಯೇ, ಈ ಮಗುವಿನ ಗೈರುಹಾಜರಿಯನ್ನು ಮನ್ನಿಸಿರೆಂದು ಕೇಳುತ್ತಿದ್ದೇವೆಯೇ ಎಂಬುದು ಹೇಳುವವರಿಗೂ ಕೇಳುವವರಿಗೂ ಸ್ಪಷ್ಟವಾಗುವುದಿಲ್ಲ. ಇವು ಎರಡು ಬೇಡಿಕೆಗಳು. ಇವಕ್ಕೆ ಕೊಡಬೇಕಾದ ಉತ್ತರಗಳೂ ಎರಡು.

‘ಪರಿಮಿತ’ದ ಬಗ್ಗೆಯೂ ಒಂದು ಮಾತು ಹೇಳಬೇಕು. ಸರ್ಕಾರಿ ಆದೇಶಗಳಲ್ಲಿ ಇರುವುದು ‘ಪರಿಮಿತ’. ಪತ್ರಿಕೆಗಳು ಹಲವು ಸಲ ಬರೆಯುವುದು ‘ನಿರ್ಬಂಧಿತ’. ನಿರ್ಬಂಧ ಎಂದೊಡನೆ ಕಟ್ಟು, ತಡೆ, ನಿಷೇಧದ ಭಾವ ಬಂದು, ಹಬ್ಬವನ್ನೇ ಯಾರೋ ತಡೆಹಿಡಿದಂತೆ ಕೇಳಿಸುತ್ತದೆ. ಪರಿಮಿತ ಎಂದರೆ ಅಳತೆಗೆ ಒಳಪಟ್ಟದ್ದು ಎಂದಷ್ಟೇ ಅರ್ಥ, ಮತ್ತು ಇಲ್ಲಿ ಅಳತೆಗೆ ಒಳಪಡುವುದು ನೌಕರ ಪಡೆಯಬಹುದಾದ ದಿನಗಳ ಸಂಖ್ಯೆಯೇ ಹೊರತು ಹಬ್ಬದ ಘನತೆಯಲ್ಲ. ಆದೇಶದ ಪದವೇ ಸರಿಯಾಗಿರುವಾಗ ಅದನ್ನು ಬಿಟ್ಟು ತಪ್ಪು ಭಾವದ ಪದವನ್ನು ತಂದುಕೊಳ್ಳುವುದಕ್ಕೆ ಕಾರಣವೇ ಇಲ್ಲ.

ವ್ಯವಸ್ಥೆ ಸರಳವಾದದ್ದು. ಸಾರ್ವತ್ರಿಕ ರಜೆಯ ದಿನ ಕಚೇರಿಯೂ ಶಾಲೆಯೂ ಮುಚ್ಚಿರುತ್ತವೆ. ಪರಿಮಿತ ರಜೆಯ ದಿನ ಎರಡೂ ತೆರೆದಿರುತ್ತವೆ. ಆ ದೀರ್ಘ ಪಟ್ಟಿಯಿಂದ ತಮಗೆ ಬೇಕಾದ ಎರಡು ದಿನಗಳನ್ನು ರಾಜ್ಯ ಸರ್ಕಾರಿ ನೌಕರರು ಅನುಮತಿ ಪಡೆದು ಬಳಸಿಕೊಳ್ಳಬಹುದು. ಇದು ಅಲ್ಪಸಂಖ್ಯಾತರ ಪಟ್ಟಿಯೆಂಬ ನಂಬಿಕೆಗೆ ಯಾವ ಆಧಾರವೂ ಇಲ್ಲ. ಷಬ್-ಎ-ಬರಾತ್, ಬುದ್ಧ ಪೂರ್ಣಿಮೆ, ಗುರುನಾನಕ್ ಜಯಂತಿಗಳ ಜೊತೆಯಲ್ಲಿಯೇ ಶ್ರೀರಾಮನವಮಿ, ಕೃಷ್ಣ ಜನ್ಮಾಷ್ಟಮಿ, ವರಮಹಾಲಕ್ಷ್ಮೀ ವ್ರತಗಳೂ ಅದರಲ್ಲಿವೆ. ಮನೆಮನೆಯಲ್ಲಿ ಕಲಶವಿಟ್ಟು ಆಚರಿಸುವ ವರಮಹಾಲಕ್ಷ್ಮಿಗೆ ಶಾಲೆ ಮುಚ್ಚುವುದಿಲ್ಲ. ರಂಜಾನ್, ಬಕ್ರೀದ್, ಮೊಹರಂ, ಈದ್ ಮಿಲಾದ್, ಗುಡ್ ಫ್ರೈಡೆ, ಕ್ರಿಸ್‌ಮಸ್, ಮಹಾವೀರ ಜಯಂತಿಗಳಿಗೆ ಮುಚ್ಚುತ್ತದೆ. ಕೇಂದ್ರ ಸರ್ಕಾರದ 14 ಕಡ್ಡಾಯ ರಜೆಗಳಲ್ಲಿಯಂತೂ ಬುದ್ಧ ಪೂರ್ಣಿಮೆಯೂ ಗುರುನಾನಕ್ ಜಯಂತಿಯೂ ಸೇರಿವೆ. ಒಂದು ಹಬ್ಬ ಯಾವ ಪಟ್ಟಿಯಲ್ಲಿದೆ ಎಂಬುದು ಸಮುದಾಯದ ಯೋಗ್ಯತೆಯ ನಿರ್ಣಯವಲ್ಲ, ಸರ್ಕಾರದ ನೀತಿಯ ವಿಷಯ. ಒಂದು ದಿನವನ್ನು ಸಾರ್ವಜನಿಕ ರಜೆಯೆಂದು ಘೋಷಿಸಬೇಕೆಂದು ಒತ್ತಾಯಿಸುವ ಹಕ್ಕು ಯಾರಿಗೂ ಕಾನೂನಿನಲ್ಲಿ ಇಲ್ಲವೆಂದು ಬಾಂಬೆ ಹೈಕೋರ್ಟ್ 2022ರ ಜನವರಿಯಲ್ಲಿ ದಾದ್ರಾ ಮತ್ತು ನಗರ್ ಹವೇಲಿಯ ಒಂದು ಪ್ರಕರಣದಲ್ಲಿ ಹೇಳಿದೆ.

ಈಗ ನಿಜವಾದ ಕೊರತೆಗೆ ಬರೋಣ. ಪರಿಮಿತ ರಜೆ ನೌಕರರ ಸವಲತ್ತು. ಶಾಲೆಯ ಮಗುವಿಗೆ ಅದಕ್ಕೆ ಸಮನಾದದ್ದು ಏನೂ ಇಲ್ಲ. ಗುರುನಾನಕ್ ಜಯಂತಿಯಂದು ಬೀದರಿನ ಸಿಖ್ ಶಿಕ್ಷಕರು ಪರಿಮಿತ ರಜೆ ಪಡೆಯಬಹುದು, ಅವರ ತರಗತಿಯಲ್ಲಿ ಕೂರುವ ಸಿಖ್ ಹುಡುಗಿ ಗೈರುಹಾಜರಾಗುತ್ತಾಳೆ. ಚಂದ್ರದರ್ಶನವನ್ನು ಅವಲಂಬಿಸಿದ ಹಬ್ಬಗಳ ವಿಷಯದಲ್ಲಿ ಈ ಅಂತರ ಇನ್ನೂ ಢಾಳಾಗಿ ಕಾಣುತ್ತದೆ. ಮುಸ್ಲಿಮರ ಹಬ್ಬ ನಿಗದಿತ ದಿನಾಂಕಕ್ಕೆ ಬೀಳದಿದ್ದರೆ, ಸರ್ಕಾರಿ ಸೇವೆಯಲ್ಲಿರುವ ಮುಸ್ಲಿಂ ಸಿಬ್ಬಂದಿಗೆ ನಿಗದಿತ ರಜೆಯ ಬದಲಾಗಿ ಹಬ್ಬದ ದಿನವೇ ರಜೆ ನೀಡಬಹುದೆಂದು ರಾಜ್ಯದ ರಜಾ ಅಧಿಸೂಚನೆಯಲ್ಲಿಯೇ ಹೇಳಲಾಗುತ್ತದೆ. ಯೋಗ್ಯವಾದ, ವಿವೇಕದ ಸಾಲು ಅದು. ಆದರೆ ಆ ಸಾಲಿನಲ್ಲಿ ವಿದ್ಯಾರ್ಥಿ ಇಲ್ಲ. ಅಪ್ಪನಿಗೆ ಸಿಕ್ಕುವ ಸಮ್ಮತಿ ಮಗನಿಗೆ ಸಿಕ್ಕುವುದು ತರಗತಿ ಶಿಕ್ಷಕರ ಒಳ್ಳೆಯತನದಿಂದ. ಬಹಳಷ್ಟು ಶಿಕ್ಷಕರು ಒಳ್ಳೆಯವರೇ ಆಗಿರುವುದರಿಂದ ಈ ಲೋಪ ಯಾರ ಕಣ್ಣಿಗೂ ಬೀಳದೆ ಉಳಿದಿದೆ.

ಹಾಗಾದರೆ ಎಲ್ಲ ಹಬ್ಬಗಳಿಗೂ ಶಾಲೆಯನ್ನು ಮುಚ್ಚೋಣವೆಂದರೆ ಅದು ಆಗದ ಮಾತು. ಶಿಕ್ಷಣ ಹಕ್ಕು ಕಾಯಿದೆ 1ರಿಂದ 5ನೆಯ ತರಗತಿಗೆ ವರ್ಷಕ್ಕೆ ಕನಿಷ್ಠ 200, 6ರಿಂದ 8ನೆಯ ತರಗತಿಗೆ 220 ಕೆಲಸದ ದಿನಗಳನ್ನು ಕಡ್ಡಾಯ ಮಾಡಿದೆ. ಸರ್ಕಾರಿ ಶಾಲೆಯಲ್ಲಿ ಒಂದು ದಿನದ ಮುಚ್ಚುಗಡೆ ಎಂದರೆ ಒಂದು ದಿನದ ಬಿಸಿಯೂಟವೂ ಇಲ್ಲವೆಂದು ಅರ್ಥ. ಮುಚ್ಚುವುದಕ್ಕೆ ಸಕಾರಣವಿರುವುದು ಶಾಲೆಯ ಬಹುಪಾಲು ಮಕ್ಕಳು ಹೇಗೂ ಬರಲಾರದ ಕಡೆ, ಮತ್ತು ಅದಕ್ಕೆ ನಮ್ಮಲ್ಲಿ ಆಗಲೇ ಒಳ್ಳೆಯ ಮಾದರಿಗಳಿವೆ. ಕೈಲ್ ಮುಹೂರ್ತ, ತುಲಾ ಸಂಕ್ರಮಣ, ಹುತ್ತರಿಗಳಿಗೆ ಕೊಡಗು ಜಿಲ್ಲೆಗೆ ಮಾತ್ರ ಸ್ಥಳೀಯ ರಜೆ ಇದೆ. ರಾಜ್ಯದ ಉಳಿದ ಶಾಲೆಗಳು ಅಂದು ಎಂದಿನಂತೆ ನಡೆಯುತ್ತವೆ. ಕ್ರಿಸ್‌ಮಸ್ ರಜೆಯನ್ನು ಬೇಡುವ ಶಾಲೆಗಳಿಗೆ ಶಿಕ್ಷಣ ಇಲಾಖೆಯ ಉಪನಿರ್ದೇಶಕರು ಅನುಮತಿ ನೀಡಿ, ಆ ದಿನಗಳನ್ನು ದಸರಾ ರಜೆಯಲ್ಲಿ ಸರಿಹೊಂದಿಸುವ ಪದ್ಧತಿಯೂ ಇದೆ. ಈ ಎರಡೂ ಕಡೆ ಕಲಿಕೆಗೆ ನಷ್ಟವಿಲ್ಲ, ಯಾರ ಮೇಲೂ ಹೇರಿಕೆಯಿಲ್ಲ.

ಸಂಖ್ಯೆಯನ್ನೇ ಆಧಾರವಾಗಿ ಹಿಡಿದವರು ಎಲ್ಲಿ ತೊಡಕಿಗೆ ಸಿಕ್ಕುತ್ತಾರೆ ಎಂಬುದಕ್ಕೆ ಅಮೆರಿಕದ ಮೇರಿಲ್ಯಾಂಡ್ ರಾಜ್ಯದ ಮಾಂಟ್ಗೊಮರಿ ಕೌಂಟಿಯನ್ನು ನೋಡಬಹುದು. ಅಲ್ಲಿನ ಸಾರ್ವಜನಿಕ ಶಾಲೆಗಳು ಯಹೂದಿಗಳ ಹಬ್ಬಗಳಂದು ಮುಚ್ಚುತ್ತಿದ್ದವು. ಕಾರಣ ಧರ್ಮವಲ್ಲ, ಅಂದು ಮಕ್ಕಳೂ ಸಿಬ್ಬಂದಿಯೂ ದೊಡ್ಡ ಸಂಖ್ಯೆಯಲ್ಲಿ ಗೈರಾಗುತ್ತಾರೆಂಬುದು ಎಂದು ಆಡಳಿತ ಹೇಳುತ್ತಿತ್ತು. ಈದ್ ಹಬ್ಬಕ್ಕೂ ಅದೇ ಮನ್ನಣೆ ಬೇಕೆಂದು ಮುಸ್ಲಿಂ ಕುಟುಂಬಗಳು ಕೇಳಿದಾಗ, 2014ರ ನವೆಂಬರಿನಲ್ಲಿ ಶಿಕ್ಷಣ ಮಂಡಳಿಯು ಮುಂದಿನ ವರ್ಷದ ಶಾಲಾ ಪಂಚಾಂಗದಿಂದ ಎಲ್ಲ ಧಾರ್ಮಿಕ ಹಬ್ಬಗಳ ಹೆಸರುಗಳನ್ನೂ ತೆಗೆದುಹಾಕಿತು. ಮುಚ್ಚುವ ದಿನಗಳು ಹಾಗೆಯೇ ಉಳಿದವು, ಹೆಸರು ಮಾತ್ರ ಹೋಯಿತು. ಕೇಳಿದವರಿಗೆ ಏನೂ ದೊರೆಯಲಿಲ್ಲ, ಇದ್ದವರಿಗೂ ಬೇಸರವಾಯಿತು. ನ್ಯೂಯಾರ್ಕ್ ನಗರದಲ್ಲಿ ಚರ್ಚೆಗೆ ಬಲ ಬಂದ ಬಗೆ ಬೇರೆ. 2006ರ ಜನವರಿಯಲ್ಲಿ ರಾಜ್ಯಮಟ್ಟದ ಪರೀಕ್ಷೆ ಬಕ್ರೀದಿನ ದಿನವೇ ಬಂದದ್ದು ಅಲ್ಲಿನ ಪೋಷಕರನ್ನು ಒಗ್ಗೂಡಿಸಿತು. 2015-16ರ ಶೈಕ್ಷಣಿಕ ವರ್ಷದಿಂದ ಎರಡೂ ಈದ್‌ಗಳಿಗೆ ಅಲ್ಲಿ ಶಾಲೆ ಮುಚ್ಚತೊಡಗಿತು, 2024ರ ನವೆಂಬರ್ 1ರಂದು ಮೊದಲ ಬಾರಿಗೆ ದೀಪಾವಳಿಗೂ ಮುಚ್ಚಿತು. ಅಲ್ಲಿ ದೀಪಾವಳಿಯೇ ಅಲ್ಪಸಂಖ್ಯಾತರ ಹಬ್ಬ ಎಂಬುದನ್ನು ನೆನಪಿನಲ್ಲಿಟ್ಟುಕೊಂಡರೆ ಇಲ್ಲಿನ ಮಗುವಿನ ಸ್ಥಿತಿ ಬೇಗ ಅರ್ಥವಾಗುತ್ತದೆ.

ನ್ಯೂಯಾರ್ಕಿನ ಪೋಷಕರನ್ನು ಮೊದಲು ನೋಯಿಸಿದ್ದು ತೆರೆದ ಶಾಲೆಯಲ್ಲ, ಹಬ್ಬದ ದಿನದ ಪರೀಕ್ಷೆ. ನಮ್ಮಲ್ಲಿಯೂ ಮಕ್ಕಳಿಗೆ ಹೊಡೆತ ಬೀಳುವುದು ಪರೀಕ್ಷೆಯಲ್ಲಿ ಮತ್ತು ಹಾಜರಾತಿಯಲ್ಲಿ. ಪರ್ಯೂಷಣದ ಉಪವಾಸದಲ್ಲಿರುವ ಬೆಳಗಾವಿಯ ಜೈನ ಬಾಲಕಿಗೆ ಇಡೀ ಶಾಲೆಯನ್ನು ಮುಚ್ಚುವ ಅಗತ್ಯವಿಲ್ಲ. ಆಕೆಯ ಗೈರುಹಾಜರಿಯನ್ನು ಮನ್ನಿಸಿದರೆ, ಅಂದಿನ ಕಿರುಪರೀಕ್ಷೆಯನ್ನು ಇನ್ನೊಂದು ದಿನ ಬರೆಸಿದರೆ ಆಕೆಯ ಅಗತ್ಯ ಪೂರೈಸುತ್ತದೆ. ಇಲಾಖೆ ಮಾಡಬೇಕಾದದ್ದು ಇಷ್ಟು: ಪರಿಮಿತ ರಜೆಗಳ ಪಟ್ಟಿಯಲ್ಲಿರುವ ದಿನಗಳಂದು, ಪೋಷಕರು ಮುಂಚಿತವಾಗಿ ಬರೆದುಕೊಟ್ಟರೆ, ವಿದ್ಯಾರ್ಥಿಗೂ ವರ್ಷಕ್ಕೆ ಎರಡು ದಿನಗಳ ರಜೆಯನ್ನು ಮುಖ್ಯ ಶಿಕ್ಷಕರು ಮಂಜೂರು ಮಾಡಬೇಕು, ಚಂದ್ರದರ್ಶನದಿಂದ ದಿನಾಂಕ ಬದಲಾದ ಹಬ್ಬಕ್ಕೂ ಇದು ಅನ್ವಯವಾಗಬೇಕು, ಎಸ್‌ಎಸ್‌ಎಲ್‌ಸಿಗೆ ಬೇಕಾದ ಶೇ. 75ರ ಹಾಜರಾತಿಯನ್ನು ಲೆಕ್ಕಹಾಕುವಾಗ ಆ ದಿನಗಳನ್ನು ಗೈರುಹಾಜರಿಯೆಂದು ಎಣಿಸಬಾರದು.