ನೀಲಿಯಾಗಿ ಕಾಣುವ ಮೆಣಸಿನಕಾಯಿ

ಸುಗ್ಗಿಯಲ್ಲಿ ಬಳ್ಳಾರಿ ಜಿಲ್ಲೆಯ ಸಿರುಗುಪ್ಪದ ಕಡೆ ಕಣಗಳ ತುಂಬ ಮೆಣಸಿನಕಾಯಿ ಒಣಹಾಕಿರುತ್ತಾರೆ. ಮಾರುಕಟ್ಟೆಯಲ್ಲಿ ಬೆಲೆ ಕಟ್ಟುವಾಗ ಮೊದಲು ನೋಡುವುದೇ ಬಣ್ಣ. ಅಂಥ ಕಣಕ್ಕೊಂದು ಚಿಕ್ಕ ಕ್ಯಾಮೆರಾ ಇಟ್ಟು, ಅದರ ಕಚ್ಚಾ ಪಿಕ್ಸೆಲ್‌ಗಳನ್ನು, ಅಂದರೆ ಕುಗ್ಗಿಸದ ಬಣ್ಣದ ಚುಕ್ಕಿಗಳನ್ನು, ವೈಫೈ ಮೂಲಕ ಮೊಬೈಲಿಗೆ ತರಿಸಿಕೊಂಡಿರಿ ಎನ್ನಿ. ಪರದೆಯ ಮೇಲೆ ಕಾಯಿ ನೀಲಿಯಾಗಿ, ಹಸಿರೆಲೆ ಕೆಂಪಾಗಿ ಕಂಡರೆ ಕ್ಯಾಮೆರಾವನ್ನು ದೂರಬೇಡಿ. ಬೈಟ್‌ಗಳೆಲ್ಲ ಸರಿಯಾಗಿಯೇ ಬಂದಿರುತ್ತವೆ, ಫೋನು ಅವನ್ನು ಹಿಂದುಮುಂದಾಗಿ ಓದಿರುತ್ತದೆ.

ಇಂಥ ಕ್ಯಾಮೆರಾಗಳು ಸಾಮಾನ್ಯವಾಗಿ ಒಂದು ಪಿಕ್ಸೆಲ್ಲಿಗೆ 2 ಬೈಟ್, ಅಂದರೆ 16 ಬಿಟ್ ಬಳಸುತ್ತವೆ: ಕೆಂಪಿಗೆ 5, ಹಸಿರಿಗೆ 6, ನೀಲಿಗೆ 5. ನಮ್ಮ ಕಣ್ಣು ಹಸಿರಿನ ಏರಿಳಿತವನ್ನು ಹೆಚ್ಚು ಸೂಕ್ಷ್ಮವಾಗಿ ಹಿಡಿಯುವುದರಿಂದ ಅದಕ್ಕೊಂದು ಬಿಟ್ ಹೆಚ್ಚು. ಅಪ್ಪಟ ಕೆಂಪು ಎಂದರೆ 11111000 00000000. ಎಷ್ಟೋ ಕ್ಯಾಮೆರಾಗಳು ದೊಡ್ಡ ಬೈಟನ್ನು, ಅಂದರೆ ಹೆಚ್ಚು ಬೆಲೆಯ ಎಡಗಡೆಯದನ್ನು, ಮೊದಲು ಕಳಿಸುತ್ತವೆ, ಫೋನಿನ ಪ್ರೊಸೆಸರ್ ಬಲಗಡೆಯ ಚಿಕ್ಕ ಬೈಟು ಮೊದಲು ಬಂತೆಂದು ಓದುತ್ತದೆ. ಆಗ ಅದೇ ಪಿಕ್ಸೆಲ್ 00000000 11111000 ಆಗುತ್ತದೆ: ಕೆಂಪು ಸೊನ್ನೆ, ಹಸಿರು 63ರಲ್ಲಿ 7, ನೀಲಿ 31ರಲ್ಲಿ 24. ಆದರೆ ಅಚ್ಚ ಬಿಳಿ, ಅಚ್ಚ ಕಪ್ಪು ಬದಲಾಗುವುದಿಲ್ಲ, ಅವುಗಳ ಎರಡೂ ಬೈಟ್ ಒಂದೇ. ಹಾಗಾಗಿ ಬರೀ ಬಿಳಿ ಕಾಗದ ಹಿಡಿದು ಪರೀಕ್ಷಿಸಿದರೆ ಈ ತಪ್ಪು ಸಿಕ್ಕುವುದೇ ಇಲ್ಲ. ಕೆಂಪು ವಸ್ತುವನ್ನೇ ಹಿಡಿಯಬೇಕು.

320 ಅಗಲ, 240 ಎತ್ತರದ ಚಿತ್ರಕ್ಕೆ 1,53,600 ಬೈಟ್ ಬೇಕು. ಜಾಲದಲ್ಲಿ ಮಾಹಿತಿ ಸಾಗಿಸುವ ಟಿಸಿಪಿ ಎಂಬ ವಿಧಾನದಲ್ಲಿ ಅದು ನೂರಕ್ಕೂ ಹೆಚ್ಚು ತುಣುಕಾಗಿ, ನಲ್ಲಿ ನೀರಿನಂತೆ ಒಂದೇ ಧಾರೆಯಾಗಿ ಬರುತ್ತದೆ. ಒಂದು ಚಿತ್ರ ಎಲ್ಲಿ ಮುಗಿಯಿತು, ಇನ್ನೊಂದು ಎಲ್ಲಿ ಶುರುವಾಯಿತು ಎಂದು ಅದು ಹೇಳುವುದಿಲ್ಲ. ಒಂದು ಸಲ ಓದಿದಾಗ ಸಿಕ್ಕಿದ್ದೇ ಪೂರ್ತಿ ಚಿತ್ರ ಎಂದುಕೊಳ್ಳದೆ, ಲೆಕ್ಕ ತುಂಬುವವರೆಗೂ ಓದುತ್ತಲೇ ಇರಬೇಕು. ಅಗಲವನ್ನು 320ರ ಬದಲು 319 ಎಂದರೂ ಸಾಕು, ಪ್ರತಿ ಸಾಲು ಒಂದೊಂದು ಪಿಕ್ಸೆಲ್ ಸರಿದು ಇಡೀ ಕಣ ಓರೆಯಾಗಿ ಕಾಣುತ್ತದೆ. ಅಗಲ, ಎತ್ತರ, ಬೈಟ್‌ಗಳ ಕ್ರಮ, ಒಟ್ಟು ಗಾತ್ರ ಇಷ್ಟನ್ನು ಪ್ರತಿ ಚಿತ್ರದ ಮುಂದೆ ಹತ್ತಾರು ಬೈಟ್‌ಗಳಲ್ಲಿ ಬರೆದು ಕಳಿಸುವುದೇ ಲೇಸು.

ಜೆಪೆಗ್ ಕಡತದ ತಲೆಯಲ್ಲಿ ಅದರ ಅಳತೆ ಬರೆದಿರುತ್ತದೆ, ಕಚ್ಚಾ ಪಿಕ್ಸೆಲ್‌ಗಳಿಗೆ ಅದಿಲ್ಲ. ಆದ್ದರಿಂದಲೇ ಚಿತ್ರದ ಕಡತ ಬಿಡಿಸಿ ಓದುವ ಆಂಡ್ರಾಯ್ಡ್‌ನ ಬಿಟ್‌ಮ್ಯಾಪ್‌ಫ್ಯಾಕ್ಟರಿಗೆ ಅವನ್ನು ಕೊಟ್ಟರೆ ಚಿತ್ರದ ಬದಲು ಬರಿದೇ 'ನಲ್', ಅಂದರೆ ಏನೂ ಇಲ್ಲ ಎಂಬ ಉತ್ತರ, ಬರುತ್ತದೆ. ಅಳತೆ ಹೇಳಿ ಖಾಲಿ ಬಿಟ್‌ಮ್ಯಾಪ್ (ಪಿಕ್ಸೆಲ್‌ಗಳ ಚೌಕಟ್ಟು) ಮಾಡಿಕೊಂಡು, ಅದರೊಳಗೆ ಬೈಟ್‌ಗಳನ್ನು ನಾವೇ ತುಂಬಬೇಕು. ಜೆಪೆಗ್ಗೇ ಕಳಿಸಬಹುದಲ್ಲ ಎಂದರೆ, ಬರೀ ಕಾವಲಿಗೆ ಅದೇ ಸರಿ. ಬಣ್ಣ ಅಳೆಯಲು ಅಲ್ಲ: ಜೆಪೆಗ್ ಸಾಮಾನ್ಯವಾಗಿ ಬಣ್ಣದ ವಿವರವನ್ನೇ ಮೊದಲು ಬಿಟ್ಟುಕೊಡುತ್ತದೆ.

ಕೆಂಪನ್ನು 0ರಿಂದ 255ರ ಅಳತೆಗೆ ತರಲು ಅದರ 5 ಬಿಟ್‌ಗಳನ್ನು 8ಕ್ಕೆ ಹಿಗ್ಗಿಸುವಾಗಲೂ ಎಚ್ಚರ ಬೇಕು. ಎಡಕ್ಕೆ ಮೂರು ಸ್ಥಾನ ಸರಿಸಿ ಸುಮ್ಮನಾದರೆ 31 ಎಂಬುದು 248ಕ್ಕೇ ನಿಲ್ಲುತ್ತದೆ, 255 ಮುಟ್ಟುವುದಿಲ್ಲ. ಮೇಲಿನ ಮೂರು ಬಿಟ್‌ಗಳನ್ನು ಖಾಲಿ ಜಾಗಕ್ಕೆ ಮತ್ತೆ ಬರೆದರೆ ಪೂರ್ತಿ ಕೆಂಪು ಸಿಗುತ್ತದೆ. ಜೊತೆಗೆ ಕ್ಯಾಮೆರಾದ ತಾನೇತಾನಾಗಿ ಬಣ್ಣ ಹೊಂದಿಸುವ ವ್ಯವಸ್ಥೆಯನ್ನೂ ನಿಲ್ಲಿಸಿ, ಇಲ್ಲದಿದ್ದರೆ ಕಣದ ತುಂಬ ಕೆಂಪೇ ಇರುವುದನ್ನು ಕಂಡು ಅದು ಆ ಕೆಂಪನ್ನೇ ತಗ್ಗಿಸಿಬಿಡಬಹುದು.