ರಾಜಿ ಪತ್ರಕ್ಕೆ ಸಹಿ ಹಾಕುವ ಮೊದಲು

ಕುಡಿದು ಗಾಡಿ ಓಡಿಸಿದವನಿಂದ ಮನೆಯ ಮಗ ಸತ್ತರೆ, ತಿಥಿ ಮುಗಿಯುವ ಮೊದಲೇ ಬಾಗಿಲಿಗೆ ರಾಜಿ ಮಾತು ಬರುತ್ತದೆ. ‘ಹೋದ ಜೀವ ವಾಪಸ್ ಬರಲ್ಲಮ್ಮ, ಕೋರ್ಟು ಕಚೇರಿ ಅಂತ ಎಷ್ಟು ಅಲೀತೀಯ? ಒಂದು ಲಕ್ಷ ಕೊಡಿಸ್ತೀವಿ, ಸಹಿ ಹಾಕು.’ ಅಪಘಾತದ ಸಂತ್ರಸ್ತರಿಗಾಗಿ ಇರುವ ಟ್ರಸ್ಟ್ ಒಂದರಲ್ಲಿ ಕೆಲಸ ಮಾಡುವ ನಾನು ಮೊದಲು ಹೇಳುವುದು ಇಷ್ಟೇ: ಸಹಿ ಹಾಕಬೇಡಿ. ಸಾವಿನ ಕೇಸು ರಾಜಿ ಆಗಬಹುದಾದ ಅಪರಾಧಗಳ ಪಟ್ಟಿಯಲ್ಲೇ ಇಲ್ಲ.

ಕೋರ್ಟಿನಲ್ಲಿ ಪರಿಹಾರ ಎಷ್ಟು ಸಿಗಬಹುದು, ಒಂದು ಲೆಕ್ಕ ನೋಡಿ. ಸತ್ತವನಿಗೆ 30 ವರ್ಷ, ಗಾರೆ ಕೆಲಸದಲ್ಲಿ ತಿಂಗಳಿಗೆ 15,000 ದುಡಿಮೆ. ಹೆಂಡತಿ, ಇಬ್ಬರು ಮಕ್ಕಳು, ತಾಯಿ. ಸುಪ್ರೀಂ ಕೋರ್ಟ್ 2009 ಮತ್ತು 2017ರಲ್ಲಿ ಹಾಕಿಕೊಟ್ಟ ಸೂತ್ರದಂತೆ, ಮುಂದೆ ಹೆಚ್ಚಬಹುದಾಗಿದ್ದ ಆದಾಯಕ್ಕೆ ಶೇ 40 ಸೇರಿಸಿ, ಅವನ ಸ್ವಂತ ಖರ್ಚಿಗೆ ಕಾಲು ಭಾಗ ಕಳೆದು, ವರ್ಷದ ಮೊತ್ತವನ್ನು 17ರಿಂದ ಗುಣಿಸಬೇಕು. 32 ಲಕ್ಷ ದಾಟುತ್ತದೆ. ಮೇಸ್ತ್ರಿ ಕೂಲಿ ಬರೆದಿಟ್ಟ ಪುಸ್ತಕ ಸಿಕ್ಕರೆ ದುಡಿಮೆಗೆ ಅದೂ ಸಾಕ್ಷಿಯೇ.

ಟ್ರಸ್ಟ್ ಅಂದರೆ ಅಕ್ಕಿ ಮೂಟೆ, ಸ್ಕೂಲ್ ಫೀಸು ಅಂತ ಜನ ಅಂದುಕೊಳ್ಳುತ್ತಾರೆ. ಅದೂ ಬೇಕು. ಆದರೆ ಮನೆಯವರಿಗೆ ಜಾಸ್ತಿ ಬೇಕಾಗಿರುವುದು ಜೊತೆಗೆ ಬರುವ ಒಬ್ಬರು. ಅಮೆರಿಕದಲ್ಲಿ ಮಗಳನ್ನು ಕಳೆದುಕೊಂಡ ಕ್ಯಾಂಡೇಸ್ ಲೈಟ್ನರ್ 1980ರಲ್ಲಿ ಕಟ್ಟಿದ ‘ಮದರ್ಸ್ ಅಗೇನ್ಸ್ಟ್ ಡ್ರಂಕ್ ಡ್ರೈವಿಂಗ್’ ಸಂಸ್ಥೆಯವರೂ ಸಂತ್ರಸ್ತರ ಜೊತೆ ಕೋರ್ಟಿಗೆ ಹೋಗಿ ಕೂರುತ್ತಾರೆ.

ನಾವು ಠಾಣೆಯಿಂದಲೇ ಶುರು ಮಾಡುತ್ತೇವೆ. ಎಫ್‌ಐಆರ್, ಮಹಜರು, ಪೋಸ್ಟ್‌ಮಾರ್ಟಂ ವರದಿ, ಚಾರ್ಜ್‌ಶೀಟ್, ನಾಡಕಚೇರಿಯಿಂದ ವಂಶವೃಕ್ಷ. ಚಾಲಕನ ರಕ್ತ ಪರೀಕ್ಷೆ ಆಯಿತಾ ಅಂತ ಅವತ್ತೇ ಕೇಳಬೇಕು. ಮದ್ಯದ ಮಿತಿ 100 ಮಿ.ಲೀ. ರಕ್ತಕ್ಕೆ 30 ಮಿ.ಗ್ರಾಂ. ಗಂಟೆಗಳು ಕಳೆದಂತೆ ರಕ್ತದಲ್ಲಿನ ಮದ್ಯದ ಪ್ರಮಾಣ ಇಳಿದುಹೋಗುತ್ತದೆ. ‘ಡ್ರೈವರ್ ಕುಡಿದಿದ್ದ, ವಿಮೆ ಸಿಗಲ್ಲ’ ಎಂದು ಹೆದರಿಸುವವರೂ ಇದ್ದಾರೆ. ಇಂಥ ಕೇಸಿನಲ್ಲಿ ವಿಮಾ ಕಂಪನಿ ಮೊದಲು ಸಂತ್ರಸ್ತರಿಗೆ ಕೊಡಲಿ, ಆಮೇಲೆ ಗಾಡಿಯ ಮಾಲೀಕರಿಂದ ವಸೂಲಿ ಮಾಡಿಕೊಳ್ಳಲಿ ಎಂದು ಕೇರಳ ಹೈಕೋರ್ಟ್ 2023ರಲ್ಲಿ ಹೇಳಿದೆ.

ರಾಯಚೂರಿನ ಹುಡುಗ ಬೆಂಗಳೂರಿನಲ್ಲಿ ಸತ್ತರೆ ಮನೆಯವರು ಬೆಂಗಳೂರಿಗೆ ಅಲೆಯಬೇಕಿಲ್ಲ, ರಾಯಚೂರಲ್ಲೇ ಪರಿಹಾರದ ಕ್ಲೇಮ್ ಹಾಕಬಹುದು. ಇದು ಎಷ್ಟೋ ಜನಕ್ಕೆ ಗೊತ್ತೇ ಇಲ್ಲ. ಅಪಘಾತವಾದ 6 ತಿಂಗಳೊಳಗೆ ಹಾಕಬೇಕು ಎಂಬ ನಿಯಮ 2022ರ ಏಪ್ರಿಲ್‌ನಿಂದ ಇದೆ. ಅದನ್ನು ಸುಪ್ರೀಂ ಕೋರ್ಟಿನಲ್ಲಿ ಪ್ರಶ್ನಿಸಿದ್ದಾರೆ ನಿಜ, ಆದರೆ ಅದನ್ನು ನಂಬಿ ಸುಮ್ನೆ ಕೂರಬೇಡಿ.

ದುಡ್ಡು ಬಂದ ಮೇಲಿನ ಕೆಲಸ ಇನ್ನೂ ಸೂಕ್ಷ್ಮ. ಸೊಸೆ ಮತ್ತೆ ಮದುವೆಯಾದರೆ ಹಣ ಹೊರಗೆ ಹೋಗುತ್ತದೆ ಅನ್ನೋ ಭಯ ಅತ್ತೆಗೆ. ಪಾಸ್‌ಬುಕ್ ಮಾವನ ಪೆಟ್ಟಿಗೆ ಸೇರಿತು ಅನ್ನೋ ನೋವು ಸೊಸೆಗೆ. ಇಬ್ಬರೂ ದುಃಖದಲ್ಲಿರುವವರೇ, ಅಲ್ವಾ? ಅದಕ್ಕೇ ಯಾರ ಪಾಲು ಎಷ್ಟು, ಮಕ್ಕಳ ಪಾಲು 18 ತುಂಬುವವರೆಗೆ ಎಲ್ಲಿ ಠೇವಣಿ ಅನ್ನುವುದನ್ನು ಕೋರ್ಟಿನ ಆದೇಶದಿಂದಲೇ ಇಬ್ಬರಿಗೂ ಓದಿ ಹೇಳುತ್ತೇವೆ. ಬ್ಯಾಂಕಿಗೂ ಜೊತೆಗೆ ಹೋಗುತ್ತೇವೆ.

ನಿಮ್ಮೂರಲ್ಲಿ ಇಂಥ ಸಂಸ್ಥೆ ಇಲ್ಲದಿದ್ದರೆ 15100ಕ್ಕೆ ಫೋನ್ ಮಾಡಿ. ಅದು ಕಾನೂನು ಸೇವಾ ಪ್ರಾಧಿಕಾರದ ನಂಬರು. ಹೆಣ್ಣುಮಕ್ಕಳಿಗೆ ಆದಾಯ ಎಷ್ಟೇ ಇರಲಿ, ವಕೀಲರನ್ನು ಉಚಿತವಾಗಿ ಕೊಡುತ್ತಾರೆ.