ಮಗು ಸಾಕಲು ಎಷ್ಟು ಬುದ್ಧಿ ಬೇಕು? ಒಂದು ಸಿನಿಮಾದ ಹಿಂದಿರುವ ನೂರು ವರ್ಷಗಳ ಕಥೆ

2001ರಲ್ಲಿ ತೆರೆಕಂಡ 'ಐ ಆ್ಯಮ್ ಸ್ಯಾಮ್' ಚಿತ್ರದ ಸ್ಯಾಮ್, ಲಾಸ್ ಏಂಜಲೀಸ್‌ನ ಕಾಫಿ ಅಂಗಡಿಯಲ್ಲಿ ಟೇಬಲ್ ಒರೆಸಿ, ಸಕ್ಕರೆ ಪೊಟ್ಟಣಗಳನ್ನು ಒಪ್ಪವಾಗಿ ಜೋಡಿಸುವ ಕೆಲಸಗಾರ. ಬೌದ್ಧಿಕ ವೈಕಲ್ಯವಿರುವ ಅವನು ಮಗಳು ಲೂಸಿಯನ್ನು ಒಬ್ಬನೇ ಸಾಕುತ್ತಿದ್ದಾನೆ. ಲೂಸಿಗೆ ಏಳು ವರ್ಷವಾಗುತ್ತದೆ. ಅಪ್ಪನ ಬುದ್ಧಿಯೂ ಏಳರ ಮಗುವಿನಷ್ಟೇ ಎಂಬುದು ತಜ್ಞರ ಲೆಕ್ಕ. ಅಪ್ಪನನ್ನು ಹಿಂದೆ ಬಿಟ್ಟುಹೋಗಲು ಮನಸ್ಸಾಗದೆ ಹುಡುಗಿ ಓದಲು ಬರುವ ಪದವನ್ನೂ ಬರುವುದಿಲ್ಲ ಎನ್ನತೊಡಗುತ್ತಾಳೆ. ಸರ್ಕಾರ ಮಗುವನ್ನು ಕರೆದೊಯ್ಯುತ್ತದೆ, ವಿಷಯ ಕೋರ್ಟು ಮೆಟ್ಟಿಲೇರುತ್ತದೆ. ಸ್ಯಾಮ್ ಪಾತ್ರಕ್ಕೆ ಶಾನ್ ಪೆನ್ ಆಸ್ಕರ್ ನಾಮನಿರ್ದೇಶನ ಪಡೆದರು.

ಏಳರ ಬುದ್ಧಿಯವನು ಮಗು ಸಾಕಬಲ್ಲನೇ ಎಂದು ಚಿತ್ರದ ನ್ಯಾಯಾಲಯ ಕೇಳುವ ಪ್ರಶ್ನೆ ಚಿತ್ರಕಥೆಗಾರರು ಹುಟ್ಟಿಸಿದ್ದಲ್ಲ. 'ಮಾನಸಿಕ ವಯಸ್ಸು' ಎಂಬ ಅಳತೆ ಹುಟ್ಟಿದ್ದು ಪ್ಯಾರಿಸ್‌ನಲ್ಲಿ. ಶಾಲೆಯಲ್ಲಿ ಹೆಚ್ಚಿನ ನೆರವು ಬೇಕಾದ ಮಕ್ಕಳನ್ನು ಗುರುತಿಸಲು ಆಲ್ಫ್ರೆಡ್ ಬಿನೆ ಮತ್ತು ಥಿಯೋಡರ್ ಸಿಮೋನ್ 1905ರಲ್ಲಿ ಪರೀಕ್ಷೆಯೊಂದನ್ನು ರೂಪಿಸಿದರು. 1908ರ ಪರಿಷ್ಕರಣೆಯಲ್ಲಿ ವಯಸ್ಸಿಗೆ ತಕ್ಕ ಮಟ್ಟಗಳು ಸೇರಿದವು. ಮನಶ್ಶಾಸ್ತ್ರಜ್ಞ ಹೆನ್ರಿ ಗಾಡರ್ಡ್ ಅದನ್ನು ಅಮೆರಿಕಕ್ಕೆ ತಂದ ಮೇಲೆ ಉದ್ದೇಶವೇ ತಿರುಗಿಬಿತ್ತು. ನೆರವು ಯಾರಿಗೆ ಬೇಕು ಎಂದು ಹೇಳಬೇಕಿದ್ದ ಪರೀಕ್ಷೆ, ಯಾರನ್ನು ಸಮಾಜದಿಂದ ದೂರ ಇಡಬೇಕು, ಯಾರಿಗೆ ಮಕ್ಕಳಾಗಬಾರದು ಎಂದು ತೀರ್ಮಾನಿಸಲು ಬಳಕೆಯಾಯಿತು.

ಅದಕ್ಕೆ ಬಲಿಯಾದವರಲ್ಲಿ ಕ್ಯಾರಿ ಬಕ್ ಹೆಸರನ್ನು ನಾವು ಮರೆಯಬಾರದು. ವರ್ಜೀನಿಯಾದ ಈ ಹುಡುಗಿಯನ್ನು ಸಾಕುತ್ತಿದ್ದ ಮನೆಯವರ ಬಂಧುವೊಬ್ಬ ಅತ್ಯಾಚಾರ ಮಾಡಿದ. ಗರ್ಭಿಣಿಯಾದವಳಿಗೆ 'ಮಂದಬುದ್ಧಿ' ಎಂಬ ಹಣೆಪಟ್ಟಿ ಹಚ್ಚಿ, ಅವಳ ತಾಯಿ ಎಮ್ಮಾ ಮೊದಲೇ ಇದ್ದ ಸರ್ಕಾರಿ ಸಂಸ್ಥೆಗೇ ಸೇರಿಸಿದರು. ಕೆಲವು ತಿಂಗಳ ಕೂಸು ವಿವಿಯನ್‌ಳನ್ನು ಸಮಾಜ ಸೇವಕಿಯೊಬ್ಬಳು ನೋಡಿ, ಮಗು ಅಷ್ಟು ಸರಿಯಾಗಿ ಕಾಣುತ್ತಿಲ್ಲ ಎಂದು ಸಾಕ್ಷ್ಯ ನುಡಿದಳು. ಕ್ಯಾರಿಯ ಪರ ವಾದಿಸಬೇಕಿದ್ದ ವಕೀಲ ಅದೇ ಸಂಸ್ಥೆಯ ಆಡಳಿತ ಮಂಡಳಿಯಲ್ಲಿದ್ದವನು. 1927ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ಅವಳ ಸಂತಾನಹರಣ ಶಸ್ತ್ರಚಿಕಿತ್ಸೆಗೆ ಒಪ್ಪಿಗೆಯಿತ್ತಿತು. 'ಮೂರು ತಲೆಮಾರಿನ ಮತಿಹೀನರು ಸಾಕು' ಎಂದು ಬರೆದವರು ನ್ಯಾಯಮೂರ್ತಿ ಆಲಿವರ್ ವೆಂಡೆಲ್ ಹೋಮ್ಸ್. ಆ ಮೂರನೇ ತಲೆಮಾರು, ಅಂದರೆ ವಿವಿಯನ್, ಮುಂದೆ ಶಾಲೆಯಲ್ಲಿ ಉತ್ತಮ ವಿದ್ಯಾರ್ಥಿಗಳ ಪಟ್ಟಿಗೆ ಸೇರಿದಳು. 1932ರಲ್ಲಿ, ಎಂಟರ ಹರೆಯದಲ್ಲೇ, ಕಾಯಿಲೆ ಬಿದ್ದು ತೀರಿಕೊಂಡಳು. ಅಮೆರಿಕದಲ್ಲಿ ಇಂಥ ಕಾನೂನುಗಳಡಿ 60,000ಕ್ಕೂ ಹೆಚ್ಚು ಜನರಿಗೆ ಸಂತಾನಹರಣ ಮಾಡಲಾಯಿತು.

ಆ ಕಾನೂನುಗಳು ಕ್ರಮೇಣ ಹೋದವು, ಅನುಮಾನ ಉಳಿಯಿತು. ಮಕ್ಕಳಾಗುವುದನ್ನು ತಡೆಯುವ ಬದಲು ಹುಟ್ಟಿದ ಮಕ್ಕಳನ್ನು ಕಿತ್ತುಕೊಳ್ಳುವುದು ರೂಢಿಯಾಯಿತು. ಪೋಷಕರ ಹಕ್ಕು ಕಸಿಯಲು ಸ್ಪಷ್ಟವಾದ, ಮನವರಿಕೆಯಾಗುವ ಪುರಾವೆ ಬೇಕು ಎಂದು ಸುಪ್ರೀಂ ಕೋರ್ಟ್ 1982ರಲ್ಲಿ ಹೇಳಿತು. 1990ರಲ್ಲಿ ಅಂಗವಿಕಲರ ಹಕ್ಕಿನ ಕಾಯ್ದೆಯೂ ಬಂತು. ಆದರೂ ಬೌದ್ಧಿಕ ವೈಕಲ್ಯವಿರುವ ಪೋಷಕರಿಂದ ಮಕ್ಕಳನ್ನು ಬೇರ್ಪಡಿಸುವ ಪ್ರಮಾಣ ಶೇ 40ರಿಂದ 80ರಷ್ಟಿದೆ ಎಂದು ಅಲ್ಲಿನ ರಾಷ್ಟ್ರೀಯ ಅಂಗವೈಕಲ್ಯ ಮಂಡಳಿ 2012ರಲ್ಲಿ ವರದಿ ಮಾಡಿತು. ಅದೇ ವರ್ಷ ಮ್ಯಾಸಚೂಸೆಟ್ಸ್‌ನಲ್ಲಿ 19ರ ತಾಯಿಯೊಬ್ಬಳಿಂದ ಎರಡು ದಿನದ ಹಸುಗೂಸನ್ನು ಅಧಿಕಾರಿಗಳು ತೆಗೆದುಕೊಂಡರು. ಮಗುವಿನ ಆರೈಕೆಗೆ ಅಜ್ಜ–ಅಜ್ಜಿ ಸಿದ್ಧರಿದ್ದರು. ಇದು ಕಾನೂನುಬಾಹಿರ ತಾರತಮ್ಯ ಎಂದು ಕೇಂದ್ರ ನ್ಯಾಯ ಇಲಾಖೆ ಹೇಳಿದ್ದು 2015ರಲ್ಲಿ.

ಬಾಣಂತನದಲ್ಲಿ ತವರಿನ ನೆರವಿಲ್ಲದೆ ಯಾವ ತಾಯಿ ತಾನೇ ಎಲ್ಲವನ್ನೂ ಒಂಟಿಯಾಗಿ ಕಲಿತಳು? ಮಗುವಿಗೆ ಎಣ್ಣೆ ಹಚ್ಚಿ ನೀರೆರೆಯಲು ಅಜ್ಜಿ, ರಾತ್ರಿ ಅಳು ನಿಲ್ಲಿಸಲು ಅತ್ತೆ, ಲಸಿಕೆಯ ದಿನ ನೆನಪಿಸಲು ಆಶಾ ಕಾರ್ಯಕರ್ತೆ ಇರುತ್ತಾರೆ. ಬೌದ್ಧಿಕ ವೈಕಲ್ಯವಿರುವ ತಾಯಿಯನ್ನು ಮಾತ್ರ 'ಒಬ್ಬಳೇ ಮಾಡಿ ತೋರಿಸು' ಎಂದು ಪರೀಕ್ಷಿಸುವುದು ಅನ್ಯಾಯ. ಕೆನಡಾದಲ್ಲಿ ಮೊರೀಸ್ ಫೆಲ್ಡ್‌ಮನ್ ಮತ್ತು ಸಂಗಡಿಗರು ದಶಕಗಳಿಂದ ಇಂಥ ತಾಯಂದಿರಿಗೆ ಅವರ ಮನೆಯಲ್ಲೇ ಕಲಿಸಿ ನೋಡಿದ್ದಾರೆ. ಸ್ನಾನ, ಹಾಲೂಡಿಸುವುದು, ಬಟ್ಟೆ ಬದಲಿಸುವುದು ಇವನ್ನು ಸಣ್ಣ ಸಣ್ಣ ಹಂತಗಳಾಗಿ ಬಿಡಿಸಿ, ಚಿತ್ರ ತೋರಿಸಿ, ಮಾಡಿಸಿ ಕಲಿಸಿದರೆ ಹೆಚ್ಚಿನವರು ಕಲಿಯುತ್ತಾರೆ.

ನಮ್ಮಲ್ಲೂ ಈ ಇತಿಹಾಸ ಹಗುರವಾದುದಲ್ಲ. 1994ರಲ್ಲಿ ಮಹಾರಾಷ್ಟ್ರದ ಶಿರೂರಿನ ಸರ್ಕಾರಿ ವಸತಿಗೃಹದಲ್ಲಿದ್ದ ಬೌದ್ಧಿಕ ವೈಕಲ್ಯದ ಹೆಣ್ಣುಮಕ್ಕಳ ಗರ್ಭಕೋಶವನ್ನು ಪುಣೆಯ ಆಸ್ಪತ್ರೆಯಲ್ಲಿ ತೆಗೆಯಲಾಯಿತು. 2009ರಲ್ಲಿ ಚಂಡೀಗಢದ ಸರ್ಕಾರಿ ಆಶ್ರಯದಲ್ಲಿದ್ದ, ಬೌದ್ಧಿಕ ವೈಕಲ್ಯದ ಅನಾಥ ಯುವತಿ ಅತ್ಯಾಚಾರದಿಂದ ಗರ್ಭಿಣಿಯಾದಾಗ, ಗರ್ಭಪಾತ ಮಾಡಿಸಲು ಹೈಕೋರ್ಟ್ ಆದೇಶಿಸಿತು. ಮಗು ಬೇಕು ಎಂಬುದು ಅವಳ ಇಚ್ಛೆಯಾಗಿತ್ತು. ಸುಪ್ರೀಂ ಕೋರ್ಟ್ ಅವಳ ಮಾತಿಗೆ ಬೆಲೆ ಕೊಟ್ಟಿತು. ಅವಳ ಒಪ್ಪಿಗೆ ಇಲ್ಲದೆ ಗರ್ಭಪಾತ ಸಲ್ಲದು, ತಾಯಾಗುವ ಆಯ್ಕೆ 21ನೇ ವಿಧಿಯ ವೈಯಕ್ತಿಕ ಸ್ವಾತಂತ್ರ್ಯದ ಭಾಗ ಎಂದ ಆ ತೀರ್ಪು, 'ಮಂದಬುದ್ಧಿ'ಯವರಿಗೆ ಮಕ್ಕಳಾಗಬಾರದು ಎಂಬ ಕ್ಯಾರಿಯ ಕಾಲದ ತಳಿಶುದ್ಧಿ ವಾದವನ್ನೂ ತಳ್ಳಿಹಾಕಿತು.

ಗಮನಿಸಿ: ನಿಜಜೀವನದ ಈ ಪ್ರಕರಣಗಳಲ್ಲೆಲ್ಲ ಇರುವುದು ಹೆಂಗಸರು. ಸಿನಿಮಾಗಳಲ್ಲಿ ಮಾತ್ರ ಬಹುಪಾಲು ಅಪ್ಪಂದಿರು. ಅಮೆರಿಕದ ಚಿತ್ರದ ನೆರಳಿನಲ್ಲೇ ಬಂದ ತಮಿಳಿನ 'ದೈವ ತಿರುಮಗಳ್' (2011) ಚಿತ್ರದಲ್ಲಿ ವಿಕ್ರಮ್‌ನ ಕೃಷ್ಣ, ಕೋರ್ಟಿನಲ್ಲಿ ಮಗಳನ್ನು ಗೆದ್ದ ಮೇಲೂ ತಾನೇ ಮರಳಿ ಒಪ್ಪಿಸಿಬಿಡುತ್ತಾನೆ. ಕೊರಿಯಾದ ಚಿತ್ರವೊಂದರಿಂದ ಸ್ಫೂರ್ತಿ ಪಡೆದ ಕನ್ನಡದ 'ಪುಷ್ಪಕ ವಿಮಾನ' (2017) ರಮೇಶ್ ಅರವಿಂದ್ ಅವರ ನೂರನೇ ಚಿತ್ರ. ಅಲ್ಲಿ ನಿರಪರಾಧಿ ಅಪ್ಪ ಸೆರೆಮನೆ ಪಾಲಾಗುತ್ತಾನೆ. ಎರಡೂ ಚಿತ್ರಗಳಲ್ಲಿ ಅಪ್ಪನ ಪ್ರೀತಿಗೆ ನಾವು ಅತ್ತಿದ್ದೇವೆ. ಆದರೆ ಅವನು ಮಗಳ ಜೊತೆ ಬಾಳುತ್ತಾ ಅವಳನ್ನು ದೊಡ್ಡವಳನ್ನಾಗಿ ಮಾಡುವುದನ್ನು ತೋರಿಸುವ ಧೈರ್ಯ ನಮ್ಮ ಸಿನಿಮಾಗಳಿಗೆ ಇನ್ನೂ ಬಂದಿಲ್ಲ ಎನ್ನುವುದು ನನ್ನ ಬೇಸರ.

ಕಾನೂನಿನಲ್ಲೂ ಒಂದು ಕಿಂಡಿ ಉಳಿದಿದೆ. ಅಂಗವಿಕಲರ ಹಕ್ಕುಗಳ ಬಗ್ಗೆ ಭಾರತ 2007ರಲ್ಲಿ ಅನುಮೋದಿಸಿದ ವಿಶ್ವಸಂಸ್ಥೆಯ ಒಪ್ಪಂದದ 23ನೇ ವಿಧಿ, ಮಗುವಿನ ಅಥವಾ ತಂದೆತಾಯಿಯ ಅಂಗವೈಕಲ್ಯದ ಕಾರಣಕ್ಕೆ ಅವರನ್ನು ಬೇರ್ಪಡಿಸಬಾರದು ಎನ್ನುತ್ತದೆ. ನಮ್ಮ 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 9ನೇ ಸೆಕ್ಷನ್ ಮಾತ್ರ ವೈಕಲ್ಯವಿರುವ ಮಗುವಿನ ಬಗ್ಗೆ ಹೇಳುತ್ತದೆ, ವೈಕಲ್ಯವಿರುವ ಪೋಷಕರ ಬಗ್ಗೆ ಹೇಳುವುದಿಲ್ಲ. ಇನ್ನೊಂದೆಡೆ 2015ರ ಬಾಲ ನ್ಯಾಯ ಕಾಯ್ದೆಯಡಿ, ಪೋಷಕರು ಮಗುವನ್ನು ನೋಡಿಕೊಳ್ಳಲು ಅಸಮರ್ಥರು ಎಂದು ಮಕ್ಕಳ ಕಲ್ಯಾಣ ಸಮಿತಿ ತೀರ್ಮಾನಿಸಬಹುದು. 9ನೇ ಸೆಕ್ಷನ್‌ಗೆ ಪೋಷಕರನ್ನೂ ಸೇರಿಸುವ ತಿದ್ದುಪಡಿ ಬರಬೇಕು. ಬರುವವರೆಗೆ, ಇಂಥ ತಾಯಿಯೊಬ್ಬಳು ಸಮಿತಿಯೆದುರು ನಿಂತಾಗ ಅವಳ ಪರ ವಕೀಲರು ಆ 23ನೇ ವಿಧಿಯನ್ನೂ 2009ರ ತೀರ್ಪನ್ನೂ ಮುಂದಿಟ್ಟು, ಅವಳಿಗೆ ಇಲ್ಲಿಯವರೆಗೆ ಯಾವ ನೆರವು ಕೊಟ್ಟಿದ್ದೀರಿ ಎಂದು ಅಧಿಕಾರಿಗಳನ್ನು ಕೇಳಬಹುದು.